ಟೇಪು ತಿರುವುವವನಿಗೆ ಹೆಣ್ಣು ಕೊಡುವುದಿಲ್ಲ

ಎರಡು ಟೇಪುಗಳ ನಡುವೆ ಕೂತು ಹೊಟ್ಟೆ ಹೊರೆಯುವವನಿಗೆ ಸುಮ್ಮನೆ ಕಳೆದ ದಿನ ಅಂತ ಒಂದೂ ಇರುವುದಿಲ್ಲ. ಬೀಗರು ಜಗಳಾಡಿದರೂ ನನ್ನ ಮುಂದೆ, ಕರೆಂಟು ಹೋದರೂ ನನ್ನ ತಲೆಗೆ, ಯಾರದೋ ಎಮ್ಮೆ ವೈರು ತುಳಿದರೂ ನನ್ನ ಹೆಸರಿಗೆ. ಈಗಿನವರು ಈ ಕೆಲಸಕ್ಕೆ ಡಿ.ಜೆ. ಎನ್ನುತ್ತಾರೆ, ಕತ್ತಲಲ್ಲೂ ಕರಿ ಕನ್ನಡಕ ಹಾಕಿಕೊಳ್ಳುತ್ತಾರೆ. ತೊಂಬತ್ತರ ಆಸುಪಾಸಿನಲ್ಲಿ ನಾನು ರಾಣೆಬೆನ್ನೂರಿನಲ್ಲಿ ಅಂಗಡಿ ಹಾಕಿದಾಗ ನನಗಿದ್ದ ಹೆಸರು 'ಮೈಕಿನಾಂವ' ಒಂದೇ.

ಆದರೆ ಬರೀ ಮೈಕಿನವನಲ್ಲ ನಾನು ಎಂಬ ಜಂಬ ಆಗಲೇ ಇತ್ತು. ಉಳಿದವರು ಒಂದು ಹಾಡು ಮುಗಿದ ಮೇಲೆ ಕ್ಯಾಸೆಟ್ ತೆಗೆದು, ಧೂಳು ಊದಿ, ಇನ್ನೊಂದು ಹಾಕುತ್ತಿದ್ದರು. ಅಷ್ಟರಲ್ಲಿ ಕುಣಿಯುವವರು ಬೀಡಿ ಹಚ್ಚಿಬಿಡುತ್ತಿದ್ದರು. ನಾನು ಎರಡು ಟೇಪು ಇಟ್ಟುಕೊಂಡು ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದನ್ನು ಅದರೊಳಗೆ ಸೇರಿಸುತ್ತಿದ್ದೆ. ನಮ್ಮ ಓಣಿಯ ರೇಡಿಯೊ ರಿಪೇರಿಯವನು ಎರಡೂ ಟೇಪಿನ ಮೋಟಾರಿನಿಂದ ವೈರು ಹೊರಗೆ ತಂದು ಒಂದೊಂದು ಗುಂಡಿ ಕೂರಿಸಿಕೊಟ್ಟಿದ್ದ. ಗುಂಡಿಯ ಸುತ್ತ ಬಾಲ್‌ಪೆನ್ನಿನಿಂದ ಗೆರೆ ಎಳೆದಿದ್ದೆ. ಬಲಕ್ಕೆ ತಿರುವಿದರೆ ಹಾಡು ಓಡುತ್ತದೆ, ಎಡಕ್ಕೆ ತಿರುವಿದರೆ ನಡೆಯುತ್ತದೆ. ಎರಡೂ ಹಾಡಿನ ಹೆಜ್ಜೆ ಒಂದಾಗುವಂತೆ ತಿರುವಿದರೆ ಸರಿ, ಕುಣಿಯುವವನಿಗೆ ಹಾಡು ಬದಲಾದದ್ದೇ ತಿಳಿಯುವುದಿಲ್ಲ, ಬೀಡಿಗೂ ಪುರುಸೊತ್ತಿಲ್ಲ. ವಿದ್ಯೆ ಇಷ್ಟೇ ಎಂದುಕೊಂಡಿದ್ದೆ.

೧. ಅಡುಗೆ ಮನೆಯ ದನಿ

ಅಂಗಡಿ ಹಾಕಿದ ವರ್ಷವೇ ಒಂದು ಮದುವೆಯಲ್ಲಿ ಎರಡು ಕುಣಿತದ ಹಾಡು ಕೂಡಿಸಿ ಎದೆಯುಬ್ಬಿಸಿ ನಿಂತಿದ್ದೆ. ಪಟಕಾ ಸುತ್ತಿದ ಹಿರಿಯರೊಬ್ಬರು ಊಟದ ಪಂಕ್ತಿಯಿಂದ ಎದ್ದು, ಕೈ ಕೂಡ ತೊಳೆಯದೆ, ನೇರ ನನ್ನ ಹತ್ತಿರ ಬಂದರು. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅನ್ನುತ್ತಾರೆ. ಇವರು ನಾಟಕ ಕಂಪನಿಯಲ್ಲಿ ಜೀವಮಾನ ಪೇಟಿ ನುಡಿಸಿ ಈಗ ಊರ ಮಕ್ಕಳಿಗೆ ಕಲಿಸುತ್ತಿದ್ದ ಪೇಟಿ ಮಾಸ್ತರರು.

"ತಮ್ಮಾ, ಈಗೇನ ಮಾಡಿದಿ?"

"ಎರಡು ಹಾಡು ಕೂಡಿಸಿದೆ ರೀ ಮಾಸ್ತರ."

"ಕೂಡಿಸಲಿಲ್ಲ, ಜಗಳಾ ಹಚ್ಚಿದಿ. ಒಂದು ಕರಿ ಎರಡರಾಗ ಐತಿ, ಇನ್ನೊಂದು ಬಿಳಿ ಮೂರರಾಗ. ಬರೇ ಹೆಜ್ಜಿ ಕೂಡಿದ್ರ ಸಾಕೇನು? ಎರಡು ಎತ್ತು ಒಂದ ಹೆಜ್ಜಿ ಹಾಕಿಕೋತ ಒಂದು ಹೊಲದ ಕಡೆ, ಒಂದು ಹೊಳಿ ಕಡೆ ನಡದ್ರ ಬಂಡಿ ಏನಾಗಬೇಕು? ನನಗ ಹುಗ್ಗಿ ಗಂಟಲದಾಗ ಇಳಿವಲ್ದು."

ಪೇಟಿಯಲ್ಲಿ ಬೆರಳಿನಿಂದ ಒತ್ತುವ ಬಿಳಿ ಮನೆ, ಕರಿ ಮನೆ ಅಂತ ಇರುತ್ತವಲ್ಲ, ಪ್ರತಿ ಹಾಡೂ ಒಂದು ಮನೆಯನ್ನು ತನ್ನ ಮೊದಲ ಸ್ವರ, ಅಂದರೆ 'ಸ', ಮಾಡಿಕೊಂಡು ಕೂತಿರುತ್ತದೆ. ಅಕ್ಕಪಕ್ಕದ ಮನೆಯ ಎರಡು ಹಾಡನ್ನು ಒಟ್ಟಿಗೆ ಬಿಟ್ಟರೆ ಕಿವಿಗೆ ಹುಣಸೆಹಣ್ಣು ಹಿಂಡಿದಂತಾಗುತ್ತದೆ. ಗುಂಡಿ ತಿರುವಿದಾಗ ಹೆಜ್ಜೆಯೊಂದೇ ಅಲ್ಲ, ಶ್ರುತಿಯೂ ಏರಿಳಿಯುತ್ತದೆ ಎಂಬುದು ಅಲ್ಲಿಯ ತನಕ ನನ್ನ ತಲೆಗೇ ಹೋಗಿರಲಿಲ್ಲ. ಮಾನ ಹೋಗಿತ್ತು, ಆದರೆ ಹೋದದ್ದು ಸಂಗೀತ ಗೊತ್ತಿದ್ದವರ ಮುಂದೆ ಎಂಬ ಸಮಾಧಾನವಿತ್ತು.

ಮರುದಿನ ಬೆಳಿಗ್ಗೆ ಚೀಲದ ತುಂಬ ಕ್ಯಾಸೆಟ್ ಹೊತ್ತು ಮಾಸ್ತರರ ಮನೆಗೆ ಹೋದೆ. ನಾನು ಹಾಡು ಹಚ್ಚುವುದು, ಅವರು ಪೇಟಿ ಒತ್ತಿ ಮನೆ ಹೇಳುವುದು, ನಾನು ನೋಟ್‌ಬುಕ್ಕಿನಲ್ಲಿ ಬರೆಯುವುದು. ಬೈದುಕೊಂಡೇ ಹೇಳುತ್ತಿದ್ದರು, ಆದರೂ ಹೇಳುತ್ತಿದ್ದರು. ಒಂದು ದಿನ ಹೋದಾಗ ಅವರು ಐರಣಿಗೆ ಹೋಗಿದ್ದರು. ಬಂದದ್ದಕ್ಕೆ ಒಂದು ಹಾಡು ಕೇಳಿ ಹೋಗೋಣ ಎಂದು ಪಡಸಾಲೆಯಲ್ಲಿ ಕೂತು ಹಚ್ಚಿದೆ. ಅಡುಗೆ ಮನೆಯ ಬಾಗಿಲ ಹಿಂದಿನಿಂದ ಒಂದು ದನಿ ಬಂತು.

"ಕರಿ ಮೂರು."

ಇನ್ನೊಂದು ಹಚ್ಚಿದೆ. "ಬಿಳಿ ಒಂದು. ಟೇಪಿನ ಶೆಲ್ ಸತ್ತಾವ, ಅದಕ್ಕ ಒಂಚೂರು ಇಳದೈತಿ."

ಅಷ್ಟು ಹೇಳುವಾಗ ರೊಟ್ಟಿ ಬಡಿಯುವ ಸಪ್ಪಳ ಒಮ್ಮೆಯೂ ತಪ್ಪಲಿಲ್ಲ. ಮಾಸ್ತರರ ಒಬ್ಬಳೇ ಮಗಳು. ಪೇಟಿ ಮುಟ್ಟದೆ ಮನೆ ಹೇಳುವ ಕಿವಿ ಅಪ್ಪನಿಗೂ ಇರಲಿಲ್ಲ. ಅವತ್ತಿನಿಂದ ನನ್ನ ನೋಟ್‌ಬುಕ್ ಬೇಗ ಬೇಗ ತುಂಬಿತು, ಮತ್ತು ತುಂಬಿದ ಮೇಲೂ ನಾನು ಹೋಗುವುದು ನಿಲ್ಲಲಿಲ್ಲ. "ಈ ಹಾಡು ಮೂರನೇ ಸಲ ತಂದೀರಿ," ಎಂದಳು ಒಂದು ದಿನ ಬಾಗಿಲ ಹಿಂದಿನಿಂದ. "ಅದರ ಮನಿ ಬದಲಾಗಿಲ್ರಿ."

ನಮ್ಮ ದೊಡ್ಡಪ್ಪನನ್ನು ಕರೆದುಕೊಂಡು ಹೋಗಿ ಹೆಣ್ಣು ಕೇಳಿಸಿದೆ. ಮಾಸ್ತರರು ಸಿಟ್ಟಿನಿಂದ ಎದ್ದೇ ನಿಂತರು.

"ಸುಡಗಾಡ ಗುಂಡಿ ತಿರುವೋದು ಸಂಗೀತ ಅಲ್ಲ. ಟೇಪು ತಿರುವಾಂವಗ ನಾ ಹೆಣ್ಣು ಕೊಡಂಗಿಲ್ಲ."

ದೊಡ್ಡಪ್ಪ ತಲೆ ತಗ್ಗಿಸಿದ. ನಾನು ಚಪ್ಪಲಿ ಹುಡುಕುತ್ತಿದ್ದೆ. ಅಡುಗೆ ಮನೆಯಿಂದ ದನಿ ಬಂತು: "ಅಪ್ಪಾ, ಬಿಳಿ ಐದರಾಗ ಒದರಾಕತ್ತೀದಿ. ಓಣಿಗೆಲ್ಲಾ ಕೇಳತೈತಿ, ಬಿಳಿ ಎರಡಕ್ಕ ಇಳೀ."

೨. ಅಗಡಿಯ ಅಮ್ಮನ ನಾಡಿ

ಅಂದೇ ಹಟ ತೊಟ್ಟೆ. ಗುಂಡಿ ತಿರುವುವುದೂ ಸಂಗೀತವೇ ಎಂದು ಮಾಸ್ತರರ ಬಾಯಿಂದ ಅನ್ನಿಸಬೇಕು, ಆಮೇಲೆ ಮತ್ತೆ ಹೆಣ್ಣು ಕೇಳಬೇಕು.

ಯಾವ ಹಾಡು ಯಾವ ಮನೆ ಎಂಬುದು ನೋಟ್‌ಬುಕ್ಕಿನಲ್ಲಿ ಇತ್ತು. ಯಾವ ಹಾಡು ನಿಮಿಷಕ್ಕೆ ಎಷ್ಟು ಹೆಜ್ಜೆ ಹಾಕುತ್ತದೆ ಎಂಬುದನ್ನು ನಾನೇ ಎಣಿಸಿ ಬರೆಯಬೇಕಿತ್ತು. ಹಾವೇರಿಯಿಂದ ರಾಣೆಬೆನ್ನೂರಿಗೆ ಬರುವ ಬಸ್ಸಿನಲ್ಲಿ ಆ ಕೆಲಸ ಮಾಡುತ್ತಿದ್ದೆ. ಜೇಬಿನಲ್ಲಿ ಸಣ್ಣ ಟೇಪು, ಎರಡೂ ಕಿವಿಗೆ ವೈರು, ಕಣ್ಣು ಕೈಗಡಿಯಾರದ ಮೇಲೆ, ತುಟಿಯಲ್ಲಿ ಎಣಿಕೆ.

ಪಕ್ಕದಲ್ಲಿ ಅಗಡಿಯ ಅಮ್ಮ ಒಬ್ಬಾಕೆ ಕೂತಿದ್ದಳು. ನನ್ನನ್ನು ಬಹಳ ಹೊತ್ತು ನೋಡಿದಳು. ಬಳೆ ಮೇಲೆ ಸರಿಸಿ ಕೈಯನ್ನು ನನ್ನ ಮೂಗಿನ ಮುಂದೆ ಹಿಡಿದಳು.

"ಡಾಕ್ಟರ, ನಂದೂ ಒಂಚೂರು ನೋಡ್ರಿ."

"ಯಮ್ಮಾ, ನಾ ಡಾಕ್ಟರ್ ಅಲ್ರಿ. ಹಾಡು ಎಣಸಾಕತ್ತೇನಿ."

"ಬಸ್ಸಿನಾಗ ಎಲ್ಲಾ ಡಾಕ್ಟರೂ ಹಂಗ ಅಂತಾರ ತಗೋರಿ. ಪುಕ್ಕಟ ನೋಡಬೇಕಾಕ್ಕೈತಲ್ಲ."

ಮಾತು ಬೆಳೆಸುವುದಕ್ಕಿಂತ ಎಣಿಸುವುದೇ ಸುಲಭವಾಗಿತ್ತು. ಒಂದು ನಿಮಿಷ ಹಿಡಿದು ಎಣಿಸಿದೆ. "ಎಪ್ಪತ್ತೆರಡು. ಲಯ ಎಲ್ಲೂ ತಪ್ಪಿಲ್ಲ," ಎಂದೆ. ಖರೇನೇ ಹೇಳಿದ್ದೆ. ಆಕೆಯ ಮುಖ ಅರಳಿದ್ದೇ ತಡ, ಹಿಂದಿನ ಸೀಟಿನಿಂದ ಎರಡು ಕೈ ಬಂದವು, ಎದುರಿನಿಂದ ಮೂರು. ಬಸ್ಸು ಹಿಡಿಯಲು ಓಡಿ ಬಂದಿದ್ದ ಒಬ್ಬ ದಪ್ಪ ಮನುಷ್ಯನದು ನೂರಾ ಹದಿನೆಂಟು ಬಂತು. ಅಭ್ಯಾಸಬಲದಿಂದ "ಕುಣಿಯಾಕ ಬರೋಬರಿ ಐತ್ರಿ" ಎಂದುಬಿಟ್ಟೆ. ಅವನು ಗಾಬರಿಯಾಗಿ ಪಕ್ಕದವನ ಹೆಗಲು ಹಿಡಿದುಕೊಂಡ. ಕಂಡಕ್ಟರ್ ಕೂಡ ಕೈ ಕೊಟ್ಟ. ಕಡೆಗೆ ಡ್ರೈವರ್ ಸ್ಟೇರಿಂಗ್ ಬಿಟ್ಟು ಎಡಗೈ ಹಿಂದಕ್ಕೆ ಚಾಚಿದಾಗ ಇಡೀ ಬಸ್ಸು ಒಟ್ಟಿಗೆ ಬೈದು ಅವನ ಕೈ ಮುಂದಕ್ಕೆ ಕಳಿಸಿತು.

ತಿಂಗಳಾದ ಮೇಲೆ ಆ ಅಮ್ಮ ಹಸಿ ಶೇಂಗಾದ ಗಂಟು ಹೊತ್ತು ವಿಚಾರಿಸುತ್ತ ನನ್ನ ಅಂಗಡಿಗೇ ಬಂದಳು. "ನೀವು ಕೈ ಹಿಡದು ನೋಡಿದಾಗಿಂದ ನಿದ್ದಿ ಚಲೋ ಬರಾಕತ್ತೈತ್ರಿ," ಎಂದಳು. ಆಮೇಲೆ ನನ್ನ ಟೇಪು, ಆಂಪ್ಲಿಫಯರು, ಕೆಂಪು ದೀಪಗಳನ್ನೆಲ್ಲ ಕಣ್ಣರಳಿಸಿ ನೋಡಿ, "ಇಷ್ಟ ದೊಡ್ಡ ಮಷೀನ ಇಟಗೊಂಡು ಅವತ್ತು ಡಾಕ್ಟರ್ ಅಲ್ಲ ಅಂದ್ರೆಲ್ಲಾ," ಎಂದು ನನ್ನ ಕೆನ್ನೆ ತಿವಿದಳು.

೩. ಬ್ಯಾಡಗಿಯ ನಿದ್ದೆ

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಹೊಸ ಅಂಗಡಿಯ ಪೂಜೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಹಾಡು ಇರಬೇಕು ಎಂದಿದ್ದರು. ಪೂಜೆ ಮುಗಿದು ಬಂದವರೆಲ್ಲ ಹೋದರು. ಅಂಗಳದಲ್ಲಿ ಇಪ್ಪತ್ತು ಮಂದಿ ಹೆಣ್ಣುಮಕ್ಕಳು ಮೂಗಿಗೆ ಸೆರಗು ಕಟ್ಟಿಕೊಂಡು, ದಿನಗೂಲಿಗೆ ಕೂತು, ಮೆಣಸಿನಕಾಯಿಯ ತೊಟ್ಟು ಮುರಿಯತೊಡಗಿದರು. ನಾನು ಕುಣಿತದ ಹಾಡು ಹಚ್ಚಿದೆ.

ಸಾಹುಕಾರರು ಜಾಣರು. ಹಾಡಿನ ಹೆಜ್ಜೆಗೆ ಹೆಣ್ಣುಮಕ್ಕಳ ಕೈ ತಾನಾಗಿ ಕೂಡುತ್ತದೆ ಎಂಬುದನ್ನು ಅರ್ಧ ತಾಸಿನಲ್ಲಿ ಕಂಡುಹಿಡಿದರು. ಗಾದಿ ಬಿಟ್ಟು ಎದ್ದು ನನ್ನ ಹತ್ತಿರ ಬಂದರು.

"ಆ ಗುಂಡಿ ತಿರುವಿದ್ರ ಹಾಡು ಲಗೂ ಓಡತೈತೇನು?"

"ಓಡತೈತ್ರಿ."

"ತಿರುವು ಮತ್ತ."

ಒಂದು ಗೆರೆ ಏರಿಸಿದೆ. ಕೈಗಳು ಚುರುಕಾದವು. ಸಾಹುಕಾರರು ಇನ್ನೊಂದು ಅಂದರು. ಇನ್ನೊಂದು. ಐದನೇ ಗೆರೆಗೆ ಬರುವಷ್ಟರಲ್ಲಿ ಹಾಡುವ ಗಂಡಸಿನ ದನಿ ಹಾಲು ಹಲ್ಲಿನ ಕೂಸಿನ ದನಿಯಾಗಿತ್ತು, ಮತ್ತು ಅಂಗಳದಲ್ಲಿ ಎದ್ದ ಖಾರದ ಧೂಳಿಗೆ ಇಪ್ಪತ್ತೂ ಮಂದಿ ಸೀನುತ್ತಿದ್ದರು. ಸಾಲಿನ ತುದಿಯಲ್ಲಿದ್ದ ಕಾಗಿನೆಲೆಯ ಮುದುಕಿ ಸೆರಗು ಸಡಿಲಿಸಿ ಕೇಳಿದಳು.

"ತಮ್ಮಾ, ಆ ಗಂಡಸಿನ ಗಂಟಲಕ್ಕ ಖಾರ ಹೋತೇನು?"

"ಸಾಹುಕಾರ್ರು ತಿರುವು ಅಂದ್ರು, ಅಜ್ಜಿ."

"ಅವರು ಅಂತಾರ. ಅವರ ಕೈ ಏನ ಉರಿತಾವೇನು? ನಮ್ಮ ಕೈ ನೋಡು." ಬೆರಳುಗಳನ್ನು ಚಾಚಿದಳು. ಕೆಂಪಗೆ ಊದಿದ್ದವು. ನನಗೆ ನಾಚಿಕೆಯಾಯಿತು.

ಒಮ್ಮೆಗೇ ಇಳಿಸಿದರೆ ಸಾಹುಕಾರರಿಗೆ ತಿಳಿಯುತ್ತಿತ್ತು. ನೋಟ್‌ಬುಕ್ ತೆಗೆದೆ. ಮುಂದಿನ ಹಾಡನ್ನು ಕೂದಲೆಳೆಯಷ್ಟು ನಿಧಾನ ಮಾಡಿ ಅದೇ ಶ್ರುತಿಗೆ ಸೇರಿಸಿದೆ. ಅದರ ಮುಂದಿನದು ಇನ್ನೊಂದು ಎಳೆ ನಿಧಾನ. ಮಧ್ಯಾಹ್ನವಿಡೀ ಹೀಗೆ ಇಳಿಸುತ್ತ ಬಂದೆ, ಒಂದು ಕಡೆಯೂ ಜೋಡಣೆ ಕಾಣಗೊಡಲಿಲ್ಲ. ಅಂಥ ಕೆಲಸ ನಾನು ಯಾವ ಮದುವೆಯಲ್ಲೂ ಮಾಡಿರಲಿಲ್ಲ. ನಾಲ್ಕು ಗಂಟೆಯ ಹೊತ್ತಿಗೆ ಹಾಡು ಜೋಗುಳದ ನಡೆಗೆ ಬಂದು ನಿಂತಿತ್ತು. ಸಾಹುಕಾರರು ಗಾದಿಯ ಮೇಲೆ ಬಾಯಿ ತೆರೆದು ನಿದ್ದೆ ಹೋಗಿದ್ದರು. ಹೆಣ್ಣುಮಕ್ಕಳು ಕೈಗೆ ಎಣ್ಣೆ ಸವರಿಕೊಂಡು ಚಹಾ ಕುಡಿಯುತ್ತಿದ್ದರು.

ಎಚ್ಚರಾದ ಮೇಲೆ ಸಾಹುಕಾರರು ರಾಶಿ ನೋಡಿದರು, ನನ್ನನ್ನು ನೋಡಿದರು. ಬೈಗುಳ ಬಂತು ಎಂದುಕೊಂಡೆ. ಹತ್ತಿರ ಕರೆದು ಮೆಲ್ಲಗೆ ಹೇಳಿದರು: "ವ್ಯಾಪಾರ ಹಿಡದಾಗಿಂದ ಮಧ್ಯಾಹ್ನ ಕಣ್ಣು ಮುಚ್ಚಿದ್ದಿಲ್ಲ. ಇವತ್ತು ಹಚ್ಚಿದ್ಯಲ್ಲಾ, ಅದನ್ನ ಹಂಗ ಒಂದು ಕ್ಯಾಸೆಟ್ ತುಂಬಿಕೊಡು. ಮನ್ಯಾಗ ಹೆಂಡತಿಗೂ ನಿದ್ದಿ ಬರೂದಿಲ್ಲ, ನನಗೂ ಬರಗೊಡೂದಿಲ್ಲ."

೪. ಹಾವೇರಿಯ ಸೋದರಮಾವ

ಹಾವೇರಿಯಲ್ಲಿ ಒಂದೇ ಬೆಳಿಗ್ಗೆ ಎರಡು ಮದುವೆ. ಎರಡೂ ಕಡೆಯ ವರನ ಮೆರವಣಿಗೆ ದಾರಿಗಳು ಕೂಡುವ ಒಂದು ಇಕ್ಕಟ್ಟಾದ ಕೂಟಿನಲ್ಲಿ ಎದುರುಬದುರಾದವು. ನಮ್ಮದು ಟ್ರ್ಯಾಕ್ಟರಿನ ಮೇಲೆ ನನ್ನ ಟೇಪು ಮತ್ತು ಸ್ಪೀಕರು. ಅವರದು ಬ್ಯಾಂಡ್ ಸೆಟ್ಟು.

ನಮ್ಮ ಕಡೆ ಒಂದು ರೂಢಿ ಇದೆ. ಎರಡು ಮೆರವಣಿಗೆ ಎದುರಾದಾಗ ಮೊದಲು ಬಾಜಾ ನಿಲ್ಲಿಸಿದವರು ಸೋತಂತೆ. ದಾರಿ ಬಿಡಬಹುದು, ಬಾಜಾ ಮಾತ್ರ ಬಿಡುವಂತಿಲ್ಲ. ಅವರ ಡೋಲು ಜೋರಾಯಿತು. ನಮ್ಮ ಹಿರಿಯರು "ಏರಸಲೇ" ಎಂದರು, ನಾನು ಏರಿಸಿದೆ. ಕಿಟಕಿಯ ಗಾಜು ನಡುಗತೊಡಗಿದವು. ತೋಳು ಮಡಚುವವರು ಎರಡೂ ಕಡೆ ಮುಂದೆ ಬಂದರು. ಇನ್ನೇನು ಕೈ ಕೈ ಹತ್ತುವುದಿತ್ತು.

ಅಷ್ಟರಲ್ಲಿ ನನ್ನ ಕಿವಿಗೆ ಬ್ಯಾಂಡಿನ ಕ್ಲಾರಿನೆಟ್ಟು ಬಿತ್ತು. ಬಿಳಿ ಒಂದರಲ್ಲಿ ನುಡಿಸುತ್ತಿದ್ದಾನೆ, ಒಂದು ಎಳೆ ಮೇಲೆ. ನನ್ನ ಹಾಡು ಕರಿ ಒಂದು, ಅಂದರೆ ಒಂದೇ ಮನೆ ಮೇಲೆ. ಎರಡು ಗೆರೆ ಇಳಿಸಿದರೆ ಒಂದು ಮನೆ ಇಳಿಯುತ್ತದೆ. ಹೆಜ್ಜೆ? ಅವನ ಡೋಲು ನನ್ನದಕ್ಕಿಂತ ಅಷ್ಟೇ ನಿಧಾನ. ದೇವರು ದೊಡ್ಡವನು ಎಂದು ಗುಂಡಿಯನ್ನು ಎಡಕ್ಕೆ ತಿರುವಿದೆ, ತುಸು ತಡೆದೆ, ಡೋಲಿನ ಮೇಲೆ ಸರಿಯಾಗಿ ಕೂರಿಸಿದೆ.

ಗದ್ದಲ ಒಮ್ಮೆಗೇ ಹಾಡಾಯಿತು. ಕ್ಲಾರಿನೆಟ್ಟಿನವನು ಬಾಯಿಂದ ಊದುತ್ತಲೇ ಕಣ್ಣಲ್ಲಿ ನನ್ನನ್ನು ಹುಡುಕಿದ. ತೋಳು ಮಡಚಿದವರಿಗೆ ಮಡಚಿದ ತೋಳು ಏನು ಮಾಡಬೇಕೋ ತಿಳಿಯದೆ ಕುಣಿಯತೊಡಗಿದರು. ಎರಡೂ ಕಡೆಯವರು ಒಬ್ಬರೊಳಗೊಬ್ಬರು ಸೇರಿಹೋದರು. ಎರಡೂ ಕಡೆಯ ಮದುಮಗಂದಿರು ಕುದುರೆಯ ಮೇಲಿಂದಲೇ ಕೈ ಕುಲುಕಿದರು. ಯಾರೂ ನಿಲ್ಲಿಸಲಿಲ್ಲ, ಯಾರೂ ಸೋಲಲಿಲ್ಲ. ಅರ್ಧ ತಾಸು ಕುಣಿದು ಎರಡೂ ಮೆರವಣಿಗೆ ತಮ್ಮ ತಮ್ಮ ದಾರಿ ಹಿಡಿದವು. ನಾನು ಟ್ರ್ಯಾಕ್ಟರಿನ ಮೇಲೆ ದೊರೆಯ ಹಾಗೆ ಕೂತಿದ್ದೆ.

ಮಂಟಪಕ್ಕೆ ಬಂದ ಮೇಲೆ ವರನ ಹಣೆಗೆ ಕಟ್ಟುವ ಬಾಸಿಂಗ ಇಲ್ಲ. ಬಾಸಿಂಗ ಸೋದರಮಾವನ ಕೈಯಲ್ಲಿತ್ತು. ಸೋದರಮಾವನೇ ಇಲ್ಲ. ನಾಲ್ಕು ಮಂದಿ ಓಡಿಹೋಗಿ ಹುಡುಕಿದರೆ ಆ ಪುಣ್ಯಾತ್ಮ ಇನ್ನೊಂದು ಮದುವೆಯ ಪಂಕ್ತಿಯಲ್ಲಿ ಬಾಸಿಂಗವನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆಗಾಯಿ ಬಡಿಸಿಕೊಳ್ಳುತ್ತಿದ್ದ. ಕುಣಿಯುತ್ತ ಕುಣಿಯುತ್ತ ಅವರ ಸಂಗಡ ಹೋಗಿಬಿಟ್ಟಿದ್ದ.

"ಅಲ್ಲೋ, ಮದುಮಗ ಬ್ಯಾರೆ ಅದಾನ ಅನ್ನೋದೂ ತಿಳೀಲಿಲ್ಲೇನು?" ಎಂದರು.

"ತಿಳೀತು," ಎಂದ ಸೋದರಮಾವ. "ಆದರ ಅಷ್ಟೊತ್ತಿಗೆ ಎಲಿ ಹಾಕಿದ್ರು."

೫. ಅಂತರಪಟದ ಆಚೆ

ಆ ಕ್ಲಾರಿನೆಟ್ಟಿನವನು ಐರಣಿಯವನು, ನಮ್ಮ ಮಾಸ್ತರರ ಹಳೆಯ ಶಿಷ್ಯ. ನಡೆದದ್ದನ್ನು ಹೋಗಿ ಹೇಳಿದ. ಮಾರನೆಯ ದಿನ ಮಾಸ್ತರರು ಮೊದಲ ಸಲ ನನ್ನ ಅಂಗಡಿಯ ಮೆಟ್ಟಿಲು ಹತ್ತಿದರು. ಕೂಡ್ರಲಿಲ್ಲ.

"ಎಷ್ಟು ಗೆರಿ ಇಳಿಸಿದಿ?"

"ಒಂದೂ ಮುಕ್ಕಾಲು ರೀ."

"ಎರಡು ಯಾಕ ಅಲ್ಲ?"

"ಅವರ ಕ್ಲಾರಿನೆಟ್ಟು ಒಂದೆಳಿ ಏರಿತ್ತು ರೀ."

ಮಾಸ್ತರರು ಬಗ್ಗಿ ನನ್ನ ಗುಂಡಿಯ ಗೆರೆಗಳನ್ನು ನೋಡಿದರು. "ಅಂವಗ ಹತ್ತು ವರ್ಷ ಹೇಳೇನಿ, ಏರೈತಿ ಅಂತ. ಅಂವಗ ತಿಳೀಲಿಲ್ಲ, ನಿನಗ ತಿಳೀತು," ಎಂದರು. ಮೆಟ್ಟಿಲು ಇಳಿಯುತ್ತ, ಬೆನ್ನು ತಿರುಗಿಸಿಯೇ ಹೇಳಿದರು: "ಹುಡುಗಿ ಹೂಂ ಅಂದಾಳ. ಆದರ ಲಗ್ನದಾಗ ನೀ ಆ ಗುಂಡಿ ಮುಟ್ಟಿದ್ರ ಲಗ್ನ ಅಲ್ಲಿಗೇ ಬಂದ್."

ಗುಂಡಿ ಸಂಗೀತ ಎಂದು ಅವರು ಬಾಯಿಬಿಟ್ಟು ಅನ್ನಲಿಲ್ಲ. ಹೆಣ್ಣು ಕೊಟ್ಟರಲ್ಲ, ಸಾಕು ಎಂದುಕೊಂಡೆ.

ಮದುವೆಯ ದಿನ ನನ್ನ ಟೇಪುಗಳ ಮುಂದೆ ಹಾವೇರಿಯ ಗೆಳೆಯನೊಬ್ಬನನ್ನು ಕೂರಿಸಿದ್ದೆ. ಅವನೂ ಮೈಕಿನವನೇ, ಪ್ರೀತಿಯಿಂದ ಬಂದಿದ್ದ. ಹೆಜ್ಜೆ ಕೂಡಿಸಲು ಬರುತ್ತಿತ್ತು, ಮನೆ ಗಿನೆ ಗೊತ್ತಿರಲಿಲ್ಲ. ಮುಹೂರ್ತ ಹತ್ತಿರ ಬಂತು. ನನಗೆ ಬಾಸಿಂಗ ಕಟ್ಟಿ ನಿಲ್ಲಿಸಿದರು. ನನ್ನ ಮತ್ತು ಆಕೆಯ ನಡುವೆ ಅಂತರಪಟದ ಬಟ್ಟೆ ಹಿಡಿದರು. ಭಟ್ಟರು ಮಂಗಳಾಷ್ಟಕ ಶುರು ಮಾಡಬೇಕು, ಅದು ಮುಗಿದ ಕೂಡಲೇ ಎಲ್ಲರೂ ಅಕ್ಕಿಕಾಳು ಹಾಕಬೇಕು. ಮುನ್ನೂರು ಜನ ಮುಷ್ಟಿಯಲ್ಲಿ ಅಕ್ಕಿ ಹಿಡಿದು ನಿಂತಿದ್ದರು. ಹಾಡು ನಿಲ್ಲಿಸು ಎಂದು ಭಟ್ಟರು ಕೈ ಎತ್ತಿದರು.

ಗೆಳೆಯನಿಗೆ ಅದು ಬೇರೆಯೇ ತಿಳಿಯಿತು. ಇನ್ನೊಂದು ಹಾಡು ಬೇಕಂತೆ ಎಂದು ಎರಡನೇ ಟೇಪು ಬಿಟ್ಟ. ಓಡುತ್ತಿದ್ದದ್ದು ಬಿಳಿ ಮೂರು, ಬಿಟ್ಟದ್ದು ಕರಿ ಎರಡು. ನನ್ನ ಹಲ್ಲು ಜುಮ್ಮೆಂದವು. ಓಡಿಹೋಗಿ ಸರಿಮಾಡೋಣವೆಂದರೆ ಗುಂಡಿ ಮುಟ್ಟಿದರೆ ಲಗ್ನ ಬಂದ್. ಕಣ್ಣು ಮುಚ್ಚಿ ನಿಂತೆ. ಕಣ್ಣು ತೆರೆದು ನೋಡಿದರೆ ಮಗಳ ಪಕ್ಕದಲ್ಲಿ ನಿಂತಿರಬೇಕಾದ ಮಾಸ್ತರರು ಅಲ್ಲಿಲ್ಲ.

ಟೇಪಿನ ಮುಂದಿದ್ದರು. ಗೆಳೆಯನನ್ನು ಕುರ್ಚಿಯಿಂದ ಎಬ್ಬಿಸಿ, ಅವನ ಹೆಡ್‌ಫೋನನ್ನು ತಮ್ಮ ಪಟಕಾದ ಮೇಲೆಯೇ ಸಿಕ್ಕಿಸಿಕೊಂಡು, ಗುಂಡಿ ಹಿಡಿದಿದ್ದರು.

"ಮಾಸ್ತರ, ಬಂದ್ ಮಾಡಿ ಬರ್ರಿ, ಮುಹೂರ್ತ ಹೊಂಟೈತಿ," ಎಂದು ಭಟ್ಟರು ಕೂಗಿದರು.

"ಬೇಸೂರದಾಗ ಬಂದ್ ಮಾಡಬಾರದು. ಅಪಶಕುನ," ಎಂದರು ಮಾಸ್ತರರು. "ಮೊದಲು ಕೂಡಲಿ."

ತಿರುವಿದರು. ಹಾಡುಗಳು ಹತ್ತಿರ ಬಂದವು, ಒಂದನ್ನೊಂದು ಮುಟ್ಟಿದವು, ಕೂಡಿದವು. ಹಿಂದೆ ನಿಂತಿದ್ದ ನನ್ನ ಗೆಳೆಯರು ಸುಮ್ಮನಿದ್ದಾರೆಯೇ, ಸಿಳ್ಳೆ ಹಾಕಿ ಕುಣಿದೇಬಿಟ್ಟರು. ಅವರನ್ನು ನೋಡಿ ಉಳಿದವರ ಕೈಯೂ ಮೇಲೆ ಹೋಯಿತು. ಮುಷ್ಟಿಯ ಅಕ್ಕಿಕಾಳೆಲ್ಲ ಮಂಗಳಾಷ್ಟಕಕ್ಕೆ ಮೊದಲೇ ಒಬ್ಬರ ತಲೆಯ ಮೇಲೆ ಒಬ್ಬರದು ಬಿತ್ತು. ಅಡುಗೆಯವನು ಮತ್ತೆ ಅಕ್ಕಿ ತರಲು ಓಡಿದ. ಮಾಸ್ತರರ ಮುಖ ನೋಡಬೇಕಿತ್ತು. ನಾಟಕ ಕಂಪನಿಯ ಪರದೆ ಮತ್ತೆ ಎದ್ದ ಹಾಗಿತ್ತು. ಬರುವ ಲಕ್ಷಣವೇ ಇರಲಿಲ್ಲ. ಮೂರನೇ ಕ್ಯಾಸೆಟ್ ಹುಡುಕುತ್ತಿದ್ದರು.

"ಇನ್ನ ಐದ ನಿಮಿಷ ಉಳದಾವ," ಎಂದರು ಭಟ್ಟರು ಅಳುವ ದನಿಯಲ್ಲಿ.

ಆಗ ಅಂತರಪಟದ ಆಚೆಯಿಂದ, ನಾನು ಮೊದಲು ಅಡುಗೆ ಮನೆಯ ಬಾಗಿಲ ಹಿಂದಿನಿಂದ ಕೇಳಿದ್ದ ಅದೇ ದನಿ, ಮುನ್ನೂರು ಜನಕ್ಕೆ ಕೇಳುವಂತೆ ಬಂತು.

"ಅಪ್ಪಾ, ನಿನ್ನ ಕೈಯಾಗಿಂದು ಬಿಳಿ ನಾಕು. ಅದು ಕೂಡಂಗಿಲ್ಲ, ಇಟ್ಟು ಬಾ. ಗುಂಡಿ ತಿರುವೋದು ಸಂಗೀತ ಅಲ್ಲ ಅಂದಿದ್ದಿ."

ಮಾಸ್ತರರು ಕ್ಯಾಸೆಟ್ ನೋಡಿದರು, ಗುಂಡಿ ನೋಡಿದರು, ನನ್ನನ್ನು ನೋಡಿದರು.

"ಅಲ್ಲ ಅಂದಿದ್ದೆ," ಎಂದರು. "ಮುಟ್ಟಿದ್ದಿಲ್ಲಲ್ಲ, ಅದಕ್ಕ ಅಂದಿದ್ದೆ."

ನನ್ನ ಕಣ್ಣು ತುಂಬಿ ಬಂದವು. ಮೂರು ವರ್ಷ ಕಾದ ಮಾತು ಬಾಸಿಂಗ ಕಟ್ಟಿಕೊಂಡು ನಿಂತಾಗ ಬಂದಿತ್ತು. ಹಾಡಿನ ಸಾಲು ಮುಗಿದು 'ಸ' ಸ್ವರಕ್ಕೆ ಬಂದು ಕೂತಾಗ ಮಾಸ್ತರರು ದನಿಯನ್ನು ಮೆಲ್ಲಗೆ ಇಳಿಸಿ ನಿಲ್ಲಿಸಿದರು, ಹೆಡ್‌ಫೋನ್ ಕೊರಳಲ್ಲಿ ಹಾಗೇ ಬಿಟ್ಟುಕೊಂಡು ಬಂದು ಮಗಳ ಪಕ್ಕ ನಿಂತರು. ಭಟ್ಟರು ಉಸಿರು ಬಿಡದೆ ಮಂಗಳಾಷ್ಟಕ ಹೇಳಿದರು. ಹೊಸ ಅಕ್ಕಿಕಾಳು ಬಿತ್ತು. ಅಂತರಪಟ ಸರಿಯಿತು. ಆಕೆ ನಗುತ್ತಿದ್ದಳು.

ಅಷ್ಟು ಹೊತ್ತೂ ಆರತಿ ತಟ್ಟೆ ಹಿಡಿದು ನಿಂತಿದ್ದವರು ಮಾಸ್ತರರ ಹೆಂಡತಿ, ಅಂದರೆ ಅತ್ತೆಯವರು. ಗಂಡನ ಕೊರಳಲ್ಲಿ ನೇತಾಡುತ್ತಿದ್ದ ಹೆಡ್‌ಫೋನನ್ನು ಒಮ್ಮೆ ನೋಡಿ, ಪಕ್ಕದಲ್ಲಿದ್ದ ನಮ್ಮ ಅವ್ವನ ಕಡೆ ತಿರುಗಿ, ತಣ್ಣಗೆ ಹೇಳಿದರು:

"ನಮ್ಮಪ್ಪಗ ಅವಾಗ ಗೊತ್ತಾಗಿದ್ರ, ಟೇಪು ತಿರುವಾಂವಗ ಹೆಣ್ಣು ಕೊಡತಿದ್ದಿಲ್ಲ ಬಿಡ್ರಿ."